ರೀಸೇಲ್ ಫ್ಲ್ಯಾಟ್‌ಗೆ ಏಜೆಂಟ್ ಇವತ್ತೇ ಟೋಕನ್ ಕೇಳುತ್ತಿದ್ದಾರೆ, ಕೊಡಬಹುದಾ?

ನೀವಿರುವುದು ಹುಬ್ಬಳ್ಳಿಯಲ್ಲಿ, ಆನ್‌ಲೈನ್‌ನಲ್ಲಿ ಮೆಚ್ಚಿದ 2 ಬಿಎಚ್‌ಕೆ ಇರುವುದು ಬೆಂಗಳೂರಿನಲ್ಲಿ, ಬೆಲೆ 70 ಲಕ್ಷ. ‘ಇನ್ನೊಂದು ಪಾರ್ಟಿ ರೆಡಿ ಇದೆ, ಇವತ್ತೇ 1 ಲಕ್ಷ ಟೋಕನ್ (ಮುಂಗಡ) ಹಾಕಿ’ ಅಂತ ಏಜೆಂಟ್ ಅವಸರ ಮಾಡುತ್ತಿದ್ದಾರೆ. ಇವತ್ತು ಹಾಕಬೇಡಿ. ಆ ಇನ್ನೊಂದು ಪಾರ್ಟಿ ಬೆಂಗಳೂರಿನ ಪ್ರತಿ ಮನೆಗೂ ಇರುತ್ತದೆ.

ಹಾಗಂತ ಏಜೆಂಟೇ ಬೇಡ ಅನ್ನುತ್ತಿಲ್ಲ. ಒಂದೇ ಶನಿವಾರ ಐದು ಮನೆಯ ಬೀಗ ತೆಗೆಸಿ ತೋರಿಸುವುದು, ಓನರ್ ಎಷ್ಟಕ್ಕೆ ಇಳಿಯಬಹುದು ಅಂತ ಸುಳಿವು ಕೊಡುವುದು, ಈ ಎರಡಕ್ಕೆ ಅವರು ಬೇಕು. ಕಾಗದಪತ್ರದ ವಿಷಯದಲ್ಲಿ ಮಾತ್ರ ಅವರ ಮಾತನ್ನು ನಂಬಿ ಕೂರಬೇಡಿ. ವ್ಯಾಪಾರ ಕುದುರಿದರೆ ಮಾತ್ರ ಅವರಿಗೆ ದುಡ್ಡು.

ಮೊದಲು ಜಾಹೀರಾತನ್ನೇ ಜರಡಿ ಹಿಡಿಯಿರಿ. ಅದೇ ಬಡಾವಣೆ, ಅದೇ ಮಹಡಿ ಹಾಕಿ ಬೇರೆ ಸೈಟುಗಳಲ್ಲೂ ಹುಡುಕಿ. ಅಡುಗೆಮನೆಯ ಟೈಲ್ಸ್, ಕಿಟಕಿಯ ಗ್ರಿಲ್ ಹೋಲಿಸಿದರೆ ಒಂದೇ ಮನೆಯನ್ನು ಮೂವರು ಏಜೆಂಟರು ಮೂರು ಬೆಲೆಗೆ ಹಾಕಿರುವುದು ಎಷ್ಟೋ ಸಲ ಗೊತ್ತಾಗುತ್ತದೆ. ಚೌಕಾಸಿ ಶುರುವಾಗಬೇಕಾದ್ದು ಅದರಲ್ಲಿ ಕಡಿಮೆ ಇರುವ ಬೆಲೆಯಿಂದ. 1,200 ಚದರಡಿ ಅಂತ ಹಾಕಿದ್ದರೆ ಅದು ಬಹುತೇಕ ಸೂಪರ್ ಬಿಲ್ಟ್‌ಅಪ್. ಮೆಟ್ಟಿಲು, ಲಿಫ್ಟ್, ಕಾರಿಡಾರ್‌ನ ಪಾಲೂ ಅದರಲ್ಲೇ ಸೇರಿದೆ. ಗೋಡೆಯೊಳಗೆ ಅಳೆದರೆ 870 ಸಿಕ್ಕಿತು ಅನ್ನಿ: ಚದರಡಿಗೆ 5,833 ರೂಪಾಯಿ ಅಂತ ಕಂಡ ಮನೆ 8,046ಕ್ಕೆ ಬಂದು ನಿಲ್ಲುತ್ತದೆ. ಮನೆ ನೋಡಲು ಹೋಗುವಾಗ ಟೇಪ್ ಜೊತೆಗಿರಲಿ.

ಮನೆ ಒಪ್ಪಿಗೆಯಾದರೆ ಸೇಲ್ ಡೀಡ್ (ಕ್ರಯಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಈ ವರ್ಷದ ತೆರಿಗೆ ರಸೀದಿ, ಒಸಿ (ಕಟ್ಟಡದಲ್ಲಿ ವಾಸಿಸಲು ಕೊಡುವ ಅನುಮತಿ ಪತ್ರ) ಇವುಗಳ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ‘ಟೋಕನ್ ಆದಮೇಲೆ ಕೊಡುತ್ತೇವೆ’ ಅಂದರೆ ಅಲ್ಲಿಗೇ ಬಿಡಿ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿ ಆಗುವುದಿಲ್ಲ. ‘ಅಪ್ಲೈ ಮಾಡಿದ್ದೇವೆ, ಬರುತ್ತದೆ’ ಅನ್ನುವ ಮಾತಿಗೆ ಬೆಲೆಯಿಲ್ಲ. ಸೇಲ್ ಡೀಡ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಇದ್ದರೂ ಇ-ಖಾತಾ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ.

ಇಸಿಯನ್ನು (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪತ್ರ) ಮಾತ್ರ ಯಾರಿಂದಲೂ ಪಡೆಯಬೇಡಿ, ನೋಂದಣಿ ಇಲಾಖೆಯ ಆನ್‌ಲೈನ್ ತಾಣ ಕಾವೇರಿ 2.0ರಲ್ಲಿ ನೀವೇ ತೆಗೆಸಿ. ಒಂದಲ್ಲ, ಎರಡು: ಫ್ಲ್ಯಾಟ್‌ನ ವಿವರ ಹಾಕಿ ಒಂದು, ಕಟ್ಟಡ ನಿಂತಿರುವ ಜಾಗದ ಸರ್ವೆ ನಂಬರ್ ಹಾಕಿ ಇನ್ನೊಂದು. ಬಿಲ್ಡರ್ ಇಡೀ ಜಾಗದ ಮೇಲೆ ಎತ್ತಿದ ಸಾಲ ಕಾಣುವುದು ಎರಡನೆಯದರಲ್ಲಿ. ನಮೂದುಗಳನ್ನು ಹಳೆಯದರಿಂದ ಹೊಸದಕ್ಕೆ ಓದಿಕೊಂಡು ಬನ್ನಿ. ಅಡಮಾನ ಅಂತ ಒಂದು ಸಾಲು ಬಂದರೆ, ಮುಂದೆ ಎಲ್ಲೋ ಅದರ ಬಿಡುಗಡೆಯ ಸಾಲೂ ಬರಬೇಕು. ಬರದಿದ್ದರೆ ಸಾಲ ಇನ್ನೂ ಇದೆ, ಇಲ್ಲವೇ ತೀರಿಸಿದವರು ಬಿಡುಗಡೆ ಪತ್ರ ನೋಂದಾಯಿಸಿಲ್ಲ. ಎರಡನೆಯದಾದರೂ ನಿಮ್ಮ ಬ್ಯಾಂಕ್ ತಡೆಯುತ್ತದೆ. ಸಾಲ ನಿಜಕ್ಕೂ ಬಾಕಿಯಿದ್ದರೆ ಹೆದರಬೇಕಿಲ್ಲ: ಅವರ ಬ್ಯಾಂಕಿನಿಂದ ದಾಖಲೆಗಳ ಪಟ್ಟಿ ಮತ್ತು ಬಾಕಿ ಮೊತ್ತದ ಪತ್ರ ತರಿಸಿ, ನಿಮ್ಮ ಬ್ಯಾಂಕಿನ ಡಿಡಿ ನೇರವಾಗಿ ಆ ಸಾಲದ ಖಾತೆಗೇ ಹೋಗಲಿ. ನೋಂದಣಿಯಾಗದ ಕರಾರು, ಮನೆಯೊಳಗಿನ ಪಾಲಿನ ತಕರಾರು ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೆ ವಕೀಲರು ಬೇಕು, ಏಜೆಂಟ್ ಕರೆತಂದವರಲ್ಲ, ನೀವು ಹುಡುಕಿಕೊಂಡವರು.

ಇಷ್ಟಾದ ಮೇಲೆ ಟೋಕನ್. 50 ಸಾವಿರ ಸಾಕು. ಚೆಕ್ ಅಥವಾ ನೆಫ್ಟ್ ಮೂಲಕ, ಸೇಲ್ ಡೀಡ್‌ನಲ್ಲಿ ಹೆಸರಿರುವ ಓನರ್‌ನ ಖಾತೆಗೆ. ಏಜೆಂಟರ ಯುಪಿಐಗೆ ಒಂದು ರೂಪಾಯಿಯೂ ಬೇಡ. ಜೊತೆಗೆ ಒಂದು ಹಾಳೆಯಲ್ಲಿ ಒಪ್ಪಿದ ಬೆಲೆ, ಪಾರ್ಕಿಂಗ್ ಯಾವುದು, ಮತ್ತು ‘15 ದಿನದೊಳಗೆ ಲೀಗಲ್ ಪರಿಶೀಲನೆಯಲ್ಲಿ ದೋಷ ಕಂಡರೆ ಅಥವಾ ಬ್ಯಾಂಕ್ ಸಾಲ ಕೊಡದಿದ್ದರೆ ಪೂರ್ತಿ ವಾಪಸ್’ ಅಂತ ಬರೆಸಿ ಓನರ್ ಸಹಿ ಹಾಕಿಸಿ. ಈ ಸಾಲು ಇಲ್ಲದೆ ಹೋದ ಟೋಕನ್ ವಾಪಸ್ ಬರುವುದು ಅವರ ಮನಸ್ಸಿಗೆ ಬಿಟ್ಟದ್ದು.

ಕಮಿಷನ್ ಕೊಳ್ಳುವವರ ಕಡೆಯಿಂದ 1 ರಿಂದ 2% ಕೇಳುತ್ತಾರೆ, ಇಳಿಸಬಹುದು. ಎಷ್ಟು ಅನ್ನುವುದು ಮನೆ ನೋಡುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರಹಕ್ಕೆ ಬರಲಿ, ಕೊಡುವುದು ನೋಂದಣಿ ದಿನ. ಒಂದೇ ಮನೆಯನ್ನು ಇಬ್ಬರ ಜೊತೆ ಹೋಗಿ ನೋಡಿದರೆ ಇಬ್ಬರೂ ಕಮಿಷನ್ ಕೇಳುತ್ತಾರೆ, ಆದ್ದರಿಂದ ಡೋರ್ ನಂಬರ್ ತಿಳಿಯದೆ ಹೊರಡಬೇಡಿ.

ಜಾಹೀರಾತಿನ 70 ಲಕ್ಷದ ಮೇಲೆ ಬೀಳುವ ಖರ್ಚನ್ನು ಏಜೆಂಟರು ಕೊನೆಗೆ ಹೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಮುದ್ರಾಂಕ ಶುಲ್ಕ 5% ಅಂದರೆ 3,50,000. ಅದರ ಮೇಲೆ ಸೆಸ್ 35,000, ಸರ್‌ಚಾರ್ಜ್ 7,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ, 1,40,000. ಒಟ್ಟು 5,32,000. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ನೀವೇ 1% ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಆ 70,000 ಓನರ್‌ಗೆ ಕೊಡುವ ಹಣದೊಳಗಿನದೇ, ಹೆಚ್ಚುವರಿಯಲ್ಲ. ಓನರ್ ಎನ್‌ಆರ್‌ಐ ಆಗಿದ್ದರೆ ಈ 1% ಲೆಕ್ಕ ನಡೆಯುವುದಿಲ್ಲ, ಹಣ ಕೊಡುವ ಮೊದಲೇ ಆಡಿಟರ್ ಹತ್ತಿರ ಹೋಗಿ.

ನೋಂದಣಿಗೆ ಮುಂಚಿನ ವಾರ ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಅನ್ನುವ ಪತ್ರ ತನ್ನಿ, ಕರೆಂಟ್ ಬಿಲ್‌ನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಹಾಕಿ ಬೆಸ್ಕಾಂ ಬಾಕಿ ನೋಡಿ. ಹಳೆಯ ಬಾಕಿ ಆ ಮೀಟರ್‌ನ ಮೇಲೇ ಇರುತ್ತದೆ, ಓನರ್ ಬದಲಾದರೂ.