ಸಹಪಾಠಿಗಳಿಗೆ ಕೊಡುವ ಹಬ್ಬದ ಶುಭಾಶಯ ಪತ್ರ ಮಾಡಲು ಪುಟ್ಟ ಮಗುವಿಗೆ ಹೆತ್ತವರು ಎಷ್ಟು ಸಹಾಯ ಮಾಡಬೇಕು?

ಮಗುವಿಗೆ ಇನ್ನೂ ಒಗ್ಗದ ಕೆಲಸವನ್ನಷ್ಟೇ ನೀವು ಮಾಡಿ. ಉಳಿದದ್ದು ಸೊಟ್ಟಗಾದರೂ ಮಗುವೇ ಮಾಡಲಿ. ನಾಲ್ಕೈದು ವರ್ಷದ ಮಗುವಾದರೆ ದಪ್ಪ ಕಾಗದ ಕತ್ತರಿಸುವುದು, ಯಾರ ಹೆಸರೂ ಬಿಟ್ಟುಹೋಗದಂತೆ ಪಟ್ಟಿ ಮಾಡಿಡುವುದು ನಿಮ್ಮ ಪಾಲು. ಚಿತ್ರ, ಬಣ್ಣ, ಅಂಟು, ಕೊನೆಯಲ್ಲಿ ತನ್ನ ಹೆಸರು ಮಗುವಿನದು.

ಈ ವಯಸ್ಸಿನಲ್ಲಿ ಬೆರಳುಗಳ ಸಣ್ಣ ಸ್ನಾಯುಗಳ ಮೇಲೆ ಹಿಡಿತ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅದು ಬರುವುದು ಬೆರಳಿಗೆ ಕೆಲಸ ಕೊಟ್ಟಾಗಲೇ, ನಿಮ್ಮ ಕೈಚಳಕ ನೋಡುವುದರಿಂದಲ್ಲ. ಆರೇಳು ವರ್ಷದವರೆಗೂ ಮಕ್ಕಳು ಕೆಲವು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಸಾಮಾನ್ಯ. ಹಾಗೇ ಬಿಡಿ. ಮಗು ಮಲಗಿದ ಮೇಲೆ ಗುಟ್ಟಾಗಿ ತಿದ್ದುವ ಹೆತ್ತವರಿದ್ದಾರೆ. ಬೆಳಿಗ್ಗೆ ಮಗುವಿಗೆ ಅದು ಗೊತ್ತಾಗಿಯೇ ಆಗುತ್ತದೆ, ತನ್ನದು ಸಾಲದು ಎಂದೂ ಅನ್ನಿಸುತ್ತದೆ.

ನಿಜವಾದ ತೊಡಕು ಅಂದವಲ್ಲ, ಸಂಖ್ಯೆ. ಒಂದೇ ಸಂಜೆ ಮೂವತ್ತು ಕಾರ್ಡ್ ಬರೆಯುವುದು ದೊಡ್ಡವರಿಗೂ ಶಿಕ್ಷೆಯೇ. ದಿನಕ್ಕೆ ಐದಾರು ಮಾಡಿಸಿ. ಕೈ ಸೋತರೆ ಗೆಳೆಯರ ಹೆಸರುಗಳನ್ನು ನೀವು ಬರೆಯಿರಿ, ಮಗು ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಬರೆಯಲಿ. ಅಷ್ಟಕ್ಕೂ ಒಲ್ಲೆ ಎಂದರೆ ಅಂಗಡಿಯ ಕಾರ್ಡ್ ತಂದುಕೊಟ್ಟರೂ ತಪ್ಪೇನಿಲ್ಲ.