ಪಿಚ್ಚರ್ ಎಲ್ಲಿಗೆ ಬಂತು ತಮ್ಮಾ?

ದಾವಣಗೆರೆಯಿಂದ ಬಂದ ಮೂರು ಪುಟದ ಪತ್ರವೊಂದು ಈ ವಾರ ನನ್ನ ನಿದ್ದೆ ಕೆಡಿಸಿದೆ. ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಇದೊಂದಕ್ಕೇ ಬರೆಯುತ್ತಿದ್ದೇನೆ.

ಬರೆದವರಿಗೆ 31 ವರ್ಷ. ಹಗಲು ಅಂಗಡಿಯೊಂದರ ಲೆಕ್ಕ ನೋಡುತ್ತಾರೆ, ರಾತ್ರಿ ಕಥೆ ಬರೆಯುತ್ತಾರೆ. ಆರು ಕಥೆ ಅಚ್ಚಾಗಿವೆ. ಗೆಳೆಯರ ಜೊತೆ ಸೇರಿ, ಕೈಯಿಂದಲೇ ದುಡ್ಡು ಹಾಕಿ ಎರಡು ಕಿರುಚಿತ್ರ ಮಾಡಿದ್ದಾರೆ. ಮೂರನೆಯದು ತಮ್ಮದೇ ಕಥೆಯೊಂದರ ಮೇಲೆ ಮಾಡಿದ್ದು, ಅದರ ಶೂಟಿಂಗ್ ಮುಗಿದು 14 ತಿಂಗಳಾಯಿತು. ಅದು ಹಾರ್ಡ್ ಡಿಸ್ಕ್‌ನಲ್ಲಿ ಕೂತಿದೆ. ಈ ನಡುವೆ ಕಾದಂಬರಿ ಬೇರೆ ಶುರುವಾಗಿದೆ. ಕಥೆಗೆ ಕೂತರೆ ಸಿನಿಮಾ ಕರೆಯುತ್ತದೆ, ಸಿನಿಮಾಕ್ಕೆ ಕೂತರೆ ಕಥೆ. ‘ಎರಡರಲ್ಲಿ ಒಂದು ಬಿಡಿ’ ಅಂತ ಹೆಂಡತಿ ಹೇಳುತ್ತಿದ್ದಾರೆ. ಯಾವುದನ್ನು ಬಿಡಲಿ ಅನ್ನುವುದು ಪ್ರಶ್ನೆ.

ಅದಕ್ಕೆ ಉತ್ತರ ಸುಲಭ. ಯಾವುದನ್ನೂ ಬಿಡಬೇಡಿ. ನಿಮ್ಮ ಪಕ್ಕದ ಜಿಲ್ಲೆಯವರಾದ ಪಿ. ಲಂಕೇಶ್ ಅವರನ್ನೇ ನೋಡಿ. ಕಥೆ, ಕಾದಂಬರಿ, ನಾಟಕ ಎಲ್ಲ ಬರೆದವರು. ತಮ್ಮದೇ ‘ಬಿರುಕು’ ಕಾದಂಬರಿಯನ್ನು 1976ರಲ್ಲಿ ‘ಪಲ್ಲವಿ’ ಅಂತ ಸಿನಿಮಾ ಮಾಡಿದರು. ಅತ್ಯುತ್ತಮ ನಿರ್ದೇಶಕ ಅಂತ ರಾಷ್ಟ್ರಪ್ರಶಸ್ತಿ ಬಂತು. ಆಮೇಲೂ ಬರೆಯುತ್ತಲೇ ಇದ್ದರು. ನಾಗತಿಹಳ್ಳಿ ಚಂದ್ರಶೇಖರ್, ಬರಗೂರು ರಾಮಚಂದ್ರಪ್ಪ ಕೂಡ ಎರಡನ್ನೂ ಮಾಡಿಕೊಂಡು ಬಂದವರೇ. ಎರಡೂ ಒಟ್ಟಿಗೆ ಆಗುವ ಕೆಲಸವೇ.

ನನ್ನ ನಿದ್ದೆ ಕೆಡಿಸಿದ್ದು ನಿಮ್ಮ ಎರಡನೇ ಪುಟದ ಕೆಳಗಿರುವ ನಾಲ್ಕು ಸಾಲು. ಅದನ್ನು ಹಾಗೇ ಕೊಡುತ್ತೇನೆ: ‘ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಮುಖ್ಯ ಪಾತ್ರ ಮಾಡಿದ್ದಾರೆ. ನಾಲ್ಕು ದಿನ ಕೆಲಸ ಬಿಟ್ಟು ಬಂದಿದ್ದರು. ಸಿಕ್ಕಾಗೆಲ್ಲ ಪಿಚ್ಚರ್ ಎಲ್ಲಿಗೆ ಬಂತು ತಮ್ಮಾ ಅಂತಾರೆ. ಈಚೆಗೆ ನಾನು ಆ ದಾರಿಯಲ್ಲಿ ಹೋಗುವುದು ಬಿಟ್ಟಿದ್ದೇನೆ.’ ಇಷ್ಟು ಹೇಳಿ ಮುಂದಿನ ಸಾಲಿಗೇ ಕ್ಯಾಮೆರಾ ಬಾಡಿಗೆಯ ಮಾತಿಗೆ ಹೋಗಿಬಿಟ್ಟಿದ್ದೀರಿ.

ತಮ್ಮಾ, ನಿಮ್ಮ ಪತ್ರ ಇರುವುದೇ ಇಲ್ಲಿ.

ಭಟ್ಟಿಯ ಕೆಲಸ ನನಗೆ ಗೊತ್ತು. ನಮ್ಮ ಸೋದರತ್ತೆ ಮಾಡುತ್ತಿದ್ದರು. ಉಪ್ಪು ಹಚ್ಚಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಅರಳುತ್ತದೆ. ತಡ ಮಾಡಿದರೆ ಸೀಯುತ್ತದೆ. ಅಷ್ಟರಲ್ಲಿ ಜರಡಿಗೆ ಹಾಕಿ ಮರಳನ್ನು ಬೇರೆ ಮಾಡಬೇಕು. ಅತ್ತೆಯ ಮುಂಗೈ ಮೇಲೆ ಮರಳು ಸಿಡಿದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಒಂದು ದಿನ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಇದು ನಿಮಗೂ ಗೊತ್ತಿರುತ್ತದೆ, ಇಲ್ಲದಿದ್ದರೆ ಆ ಕಥೆ ಬರೆಯುತ್ತಿರಲಿಲ್ಲ. ‘ಯಾರಿಗೂ ಸಂಭಾವನೆ ಕೊಟ್ಟಿಲ್ಲ, ಎಲ್ಲರೂ ಪ್ರೀತಿಯಿಂದ ಮಾಡಿದರು’ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ನಿಮ್ಮ ಗೆಳೆಯರಿಗೆ ತಿಂಗಳ ಸಂಬಳ ಇದೆ, ಅವರ ಮಾತು ಬೇರೆ. ಆಕೆ ಕೊಟ್ಟಿದ್ದು ನಾಲ್ಕು ದಿನದ ಅನ್ನ. ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಇನ್ನೊಬ್ಬರ ದಿನ ತೆಗೆದುಕೊಂಡರೆ ಅದು ಸಾಲ.

ಇನ್ನು ಸಿನಿಮಾ ಯಾಕೆ ನಿಂತಿದೆ? ಭಟ್ಟಿಯ ಸದ್ದಿನಲ್ಲಿ ಮಾತು ಕೇಳುತ್ತಿಲ್ಲ, ಅದಕ್ಕೆ. ನಿಮ್ಮ ಕ್ಯಾಮೆರಾಮನ್ ಗೆಳೆಯರು ಏನಂತಾರೆ? ‘ಹೊಸ ಕ್ಯಾಮೆರಾ ಬರಲಿ, ಪೂರ್ತಿ ಮತ್ತೆ ಶೂಟ್ ಮಾಡೋಣ, ಫೆಸ್ಟಿವಲ್ ಮಟ್ಟಕ್ಕೆ ಇರಬೇಕು’ ಅಂತಾರೆ. ನನಗೆ ಸಿಟ್ಟು ಬಂದಿರುವುದು ನಿಮ್ಮ ಮೇಲಲ್ಲ, ಇವರ ಮೇಲೆ. ಮಾತು ಕೇಳದಿರುವುದಕ್ಕೂ ಕ್ಯಾಮೆರಾಕ್ಕೂ ಏನು ಸಂಬಂಧ? ಮೈಕ್ ದೂರ ಇತ್ತು, ಅಷ್ಟೇ. ಮತ್ತೆ ಶೂಟ್ ಮಾಡುವುದಾದರೆ ಆಕೆ ಇನ್ನೂ ನಾಲ್ಕು ದಿನ ಕೂಲಿ ಬಿಡಬೇಕು. ಅದನ್ನು ಅವರು ಲೆಕ್ಕಕ್ಕೇ ಹಿಡಿದಿಲ್ಲ. 14 ತಿಂಗಳು ನಿಮ್ಮನ್ನು ಕೂರಿಸಿದ್ದು ಈ ಒಂದು ಮಾತು. ಹೆಂಡತಿಯ ಮೇಲೆ ಮುನಿಸಿಕೊಂಡಿದ್ದೀರಿ, ಆದರೆ ಮನೆಯಲ್ಲಿ ಮುಗಿಯದ ಕೆಲಸದ ಭಾರ ದಿನಾ ನೋಡುತ್ತಿರುವವರು ಅವರೊಬ್ಬರೇ ಅಲ್ವಾ?

ಶೂಟಿಂಗ್ ಯಾವತ್ತೂ ಕಥೆಗೆ ಅಡ್ಡ ಬರುವುದಿಲ್ಲ. ಅದು ವರ್ಷಕ್ಕೆ ನಾಲ್ಕೈದು ದಿನ, ಜನರ ಮಧ್ಯೆ, ಬಿಸಿಲಲ್ಲಿ ಆಗುವ ಕೆಲಸ. ಅಡ್ಡ ಬರುವುದು ಎಡಿಟಿಂಗ್. ಅದೇ ಕುರ್ಚಿ, ಅದೇ ರಾತ್ರಿ, ಅದೇ ಒಂಟಿತನ ಅದಕ್ಕೂ ಬೇಕು. ಮಾತು ಸರಿಯಾಗಿ ಕೂರದೆ ಎಡಿಟಿಂಗ್ ಕಷ್ಟವಾದ ರಾತ್ರಿ ನೀವು ನೋಟ್‌ಬುಕ್ ತೆಗೆದು ಕಾದಂಬರಿ ಶುರು ಮಾಡಿದಿರಿ. ನಿಮ್ಮ ಪತ್ರದ ತಾರೀಕುಗಳನ್ನು ಜೋಡಿಸಿ ನೋಡಿದರೆ ಹಾಗೇ ಕಾಣುತ್ತದೆ. ಕಾದಂಬರಿಯೂ ಈಗ 40ನೇ ಪುಟಕ್ಕೆ ನಿಂತಿದೆ ಅಂದಿರಿ. ನಿಲ್ಲದೆ ಏನಾಗುತ್ತದೆ? ಆ ದಾರಿ ತಪ್ಪಿಸಿಕೊಂಡು ಓಡಾಡುವವರಿಗೆ ಆ ಊರಿನ ಕಥೆ ಬರೆಯಲು ಮನಸ್ಸು ಹೇಗೆ ಬರುತ್ತದೆ?

ಹಾಗಾಗಿ ನಾನು ಹೇಳುವುದು ಒಂದೇ. ಈ ಸಿನಿಮಾ ಮುಗಿಸಿ ಆಕೆಯ ಮನೆಯಲ್ಲಿ ಆಕೆಗೆ ತೋರಿಸುವ ತನಕ ಹೊಸದಾಗಿ ಒಂದು ಸಾಲೂ ಬರೆಯಬೇಡಿ, ಒಂದು ಶಾಟೂ ತೆಗೆಯಬೇಡಿ.

ಮುಗಿಸುವುದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಡಬ್ಬಿಂಗ್‌ಗೆ ಸ್ಟುಡಿಯೋನೇ ಬೇಕು ಅಂತೇನಿಲ್ಲ. ಮನೆಯ ಚಿಕ್ಕ ಕೋಣೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಗೋಡೆಗೆ ಹಾಸಿಗೆ ಒರಗಿಸಿ, ಮೇಲೆ ಕೌದಿ ಇಳಿಬಿಡಿ. ಫೋನು ಬಾಯಿಂದ ಒಂದು ಗೇಣು ದೂರ ಇರಲಿ. ಆಕೆಗೆ ದೃಶ್ಯ ತೋರಿಸಿ ಮಾತು ಹೇಳಿಸಿ. ಭಟ್ಟಿಗೆ ಹೋಗಿ ಬರೀ ಅಲ್ಲಿನ ಸದ್ದನ್ನು ಎರಡು ನಿಮಿಷ ಹಿಡಿದು ತನ್ನಿ, ಅದನ್ನು ಮಾತಿನ ಕೆಳಗೆ ಸಣ್ಣಗೆ ಹಾಸಿದರೆ ಡಬ್ಬಿಂಗ್ ಅಂತ ಎದ್ದು ಕಾಣುವುದಿಲ್ಲ. ತುಟಿ ಕೂರದ ಕಡೆ ಆಕೆಯ ಮುಖ ಬಿಟ್ಟು ಕೈ ತೋರಿಸಿ, ಮರಳು ತೋರಿಸಿ. ಕಥೆಯಲ್ಲಿ ಆಕೆ ಮನಸ್ಸಿನಲ್ಲೇ ಮಾತಾಡಿಕೊಳ್ಳುವ ಅರ್ಧ ಪುಟ ಇತ್ತು, ಅದನ್ನು ಸಿನಿಮಾಕ್ಕೆ ತರಲು ಆಗಲಿಲ್ಲ ಅಂತ ಕೊರಗಿದ್ದೀರಲ್ಲ. ಅದನ್ನು ಆಕೆಯ ದನಿಯಲ್ಲೇ ಹೇಳಿಸಿ. ಬರೆದ ಹಾಗೇ ಓದಿಸಬೇಡಿ, ಆಕೆಯ ಮಾತಿನಲ್ಲಿ ಬರಲಿ. ಇದಕ್ಕೆ ಅರ್ಧ ದಿನ ಬೇಕು. ಹಿಂದಿನ ನಾಲ್ಕು ದಿನದ ಕೂಲಿಯ ಜೊತೆ ಈ ಅರ್ಧ ದಿನದ್ದನ್ನೂ ಸೇರಿಸಿ ಮೊದಲೇ ಕೈಗೆ ಕೊಡಿ. ‘ಬೇಡ ತಮ್ಮಾ’ ಅಂದರೂ ಕೊಡಿ. ಆ ಹಾರ್ಡ್ ಡಿಸ್ಕ್‌ನದು ಇನ್ನೊಂದು ಕಾಪಿ ಇವತ್ತೇ ಮಾಡಿಡಿ.

ಸಿನಿಮಾ ತೋರಿಸಲು ಹೋದಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಲ್ಯಾಪ್‌ಟಾಪ್ ಸಾಕು. ಅಕ್ಕಪಕ್ಕದವರು ಬಂದು ಕೂತರೆ ಕೂರಲಿ.

ಆಮೇಲೆ ನನಗೊಂದು ಪತ್ರ ಬರೆಯಿರಿ. ಅದರಲ್ಲಿ ಆಕೆಯ ಹೆಸರು ಬರೆಯಿರಿ. ಮೂರು ಪುಟದಲ್ಲಿ ಕ್ಯಾಮೆರಾದ ಹೆಸರು ಎರಡು ಸಲ ಇದೆ, ಆಕೆಯದು ಒಂದು ಸಲವೂ ಇಲ್ಲ.