ದಿನಾ ಒಂದು ನೋವಿನ ಮಾತ್ರೆ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆಕೆಗೆ 34 ವರ್ಷ. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಬಿಟ್ಟುಹೋಗಿದ್ದಾನೆ. ಏಳನೇ ಕ್ಲಾಸಿನ ಮಗ, ಶೀಟಿನ ಮನೆ, ವಾರ ವಾರ ಸಂಘದ ಕಂತು. ನನ್ನ ಹತ್ತಿರ ಸಲಹೆ ಕೇಳಿ ಬಂದದ್ದು ಮಗನ ವಿಷಯಕ್ಕೆ. "ಸುಮ್‌ಸುಮ್ನೆ ಹೊಡೆದುಬಿಡ್ತೀನಿ ಮೇಡಂ, ಆಮೇಲೆ ನಾನೇ ಅಳ್ತೀನಿ."

ನಾನು ಅವರ ದಿನ ಹೇಗಿರುತ್ತದೆ ಅಂತ ಕೇಳಿದೆ. ತಿಂಡಿ ಮಗನಿಗೆ ಮಾತ್ರ. ಲೈನಿನಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್. ಟಾಯ್ಲೆಟ್‌ಗೆ ಎದ್ದರೆ ಬೈಗುಳ, ಅದಕ್ಕೇ ನೀರು ಕುಡಿಯುವುದಿಲ್ಲ. ಮಧ್ಯಾಹ್ನಕ್ಕೆ ತಲೆ ಸಿಡಿತ. ಊಟದ ಬ್ಯಾಗಿನಿಂದ ಮಾತ್ರೆಯ ಶೀಟ್ ತೆಗೆದು ತೋರಿಸಿದರು. ಹತ್ತರಲ್ಲಿ ಎರಡೇ ಉಳಿದಿದ್ದವು. ಮೆಡಿಕಲ್‌ನಲ್ಲಿ ಕೇಳಿ ತಂದ ನೋವಿನ ಮಾತ್ರೆ, ದಿನಾ ಒಂದು, ಅದೂ ಖಾಲಿ ಹೊಟ್ಟೆಗೆ.

ಮೊದಲು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ಆಸ್ಪತ್ರೆಗೆ ಕಳಿಸಿದೆ. ಬೇರೆ ಬೇರೆ ದಿನ ನೋಡಿದರೂ ಬಿಪಿ 150ರ ಮೇಲೆಯೇ.

ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಏರುತ್ತವೆ. ಅಪಾಯ ದಾಟಿದ ಮೇಲೆ ಇಳಿಯಬೇಕು. ಬಾಡಿಗೆ, ಫೀಸು, ಕಂತು ಒಂದರ ಹಿಂದೊಂದು ನಿಂತಿದ್ದರೆ ಇಳಿಯುವುದೆಲ್ಲಿ? ನಿದ್ದೆ ಕೆಡುತ್ತದೆ, ಬಿಪಿ ಏರುತ್ತದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಾಲದ್ದಕ್ಕೆ ಎಷ್ಟೋ ನೋವಿನ ಮಾತ್ರೆಗಳೂ ಬಿಪಿ ಏರಿಸುತ್ತವೆ. ಇಂಥವರಿಗೆ 'ಟೆನ್ಷನ್ ತಗೋಬೇಡಿ' ಅನ್ನುವುದು ಅನ್ಯಾಯ. ಅವರೇನು ಬೇಕಂತ ತಗೊಂಡಿದ್ದಾರಾ?

ಹಾಗಾಗಿ ಯೋಗ, ವಾಕಿಂಗ್ ಅಂತ ಹೊಸ ಕೆಲಸ ಹೇರಲಿಲ್ಲ. ಡಾಕ್ಟರಿಗೆ ಆ ಶೀಟ್ ತೋರಿಸಿ, ಅವರು ಕೊಟ್ಟ ಬಿಪಿ ಮಾತ್ರೆ ತಪ್ಪಿಸಬೇಡಿ, ಮಗನ ಜೊತೆ ಕೂತು ತಿಂಡಿ ತಿನ್ನಿ ಎಂದೆ. ರಜೆ ಹಾಕಿದರೆ ಸಂಬಳ ಹೋಗುತ್ತದೆಂಬ ಭಯ ಜಾಸ್ತಿಯಿತ್ತು. ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಇದ್ದು, ವಂತಿಗೆ ಕಟ್ಟಿದ ದಿನಗಳು ಸಾಕಷ್ಟಿದ್ದರೆ ಕಾಯಿಲೆ ರಜೆಗೆ ಸಂಬಳದ ಶೇ. 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುತ್ತಾರೆ, ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ!

ಮನೆಗೆ ಬಂದ ಕೂಡಲೇ ಹೋಂವರ್ಕ್ ಕೇಳಬೇಡಿ. ಕೈಕಾಲು ತೊಳೆದು, ಕಾಫಿ ಕುಡಿದು, ಆಮೇಲೆ ಮಾತು. ಕೈ ಎತ್ತುವ ಹಾಗಾದರೆ ಬಾಗಿಲಾಚೆ ಹೋಗಿ ನಿಲ್ಲಿ. ಹೊಡೆದೇಬಿಟ್ಟರೆ 'ತಪ್ಪು ನಂದು ಮಗ' ಅಂತ ಹೇಳಿ. ಸಾಲದ ಲೆಕ್ಕ ಅವನ ಮುಂದೆ ಬೇಡ.

ಜೀವನಾಂಶ ಕೇಳೋಣವೆಂದರೆ ವಕೀಲರ ಫೀಸಿಗೆ ದುಡ್ಡೆಲ್ಲಿ ಎಂದರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟಿದ್ದರೂ. ಅರ್ಜಿ ಹಾಕಿದ್ದಾರೆ.

ಬಿಪಿ ಈಗ ಹತೋಟಿಗೆ ಬರುತ್ತಿದೆ. ಕೋರ್ಟ್ ತಾರೀಕಿನ ಹಿಂದಿನ ರಾತ್ರಿ ಮಾತ್ರ ನಿದ್ದೆ ಹತ್ತುವುದಿಲ್ಲವಂತೆ. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ನಂಬರ್ 14416 ಬರೆದುಕೊಟ್ಟಿದ್ದೇನೆ. ದುಡ್ಡಿಲ್ಲ, ನಡುರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.